ಎಡಗೈಗೆ ಎರಡು ಗ್ಲೌಸು

ಅಕ್ಕನ ಎಡಗೈಗೆ ಎರಡು ಗ್ಲೌಸು ಇದ್ದವು, ಬಲಗೈಗೆ ಒಂದೇ. ಮೇಲಿನ ಗ್ಲೌಸು ಮಣಿಕಟ್ಟಿನ ಹತ್ತಿರ ಅರ್ಧ ಬೆರಳಿನಷ್ಟು ಸರಿದಿದ್ದರಿಂದ ಕೆಳಗಿನದರ ಅಂಚು ಕಾಣುತ್ತಿತ್ತು. ಗಾಜಿನ ಈಚೆ ನಿಂತಿದ್ದ ನಾನು ನೋಟ್‌ಬುಕ್ಕಿನಲ್ಲಿ ಸಮಯ ಬರೆದು, ಅದರ ಮುಂದೆ 'ಎಡ ಎರಡು, ಬಲ ಒಂದು' ಎಂದು ಗುರುತು ಹಾಕಿಕೊಂಡೆ. ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬರೆದಿಟ್ಟುಕೊಳ್ಳುವುದು ನನ್ನ ಕೆಲಸದ ಅರ್ಧ ಭಾಗ.

ಅದು ಕೆ.ಆರ್. ಪುರದ ಆಚೆಗಿನ ಒಂದು ಸಣ್ಣ ಕಾರ್ಖಾನೆ. ಕಣ್ಣಿಗೆ ಹಾಕುವ ಹನಿ ಔಷಧಿಯನ್ನು ಬಾಟಲಿಗೆ ತುಂಬುತ್ತಾರೆ. ಗಾಜಿನ ಆಚೆ ಇದ್ದದ್ದು ಅವರ ಕ್ಲೀನ್‌ರೂಮು: ಚಾವಣಿಯ ಫಿಲ್ಟರುಗಳಿಂದ ಸೋಸಿದ ಗಾಳಿಯಷ್ಟೇ ಇಳಿಯುವ, ತಲೆಯಿಂದ ಪಾದದವರೆಗೆ ಬಿಳಿ ಸೂಟು ತೊಟ್ಟವರಿಗೆ ಮಾತ್ರ ಪ್ರವೇಶವಿರುವ ಕೋಣೆ. ಒಳಗೆ ನೆಲ, ಗೋಡೆ, ಮೇಜು ಒರೆಸುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ. ಐದು ದಿನದ ಹಿಂದೆ ನಾನು ಮಾಡಿದ ಪರೀಕ್ಷೆಯಲ್ಲಿ ಆ ಕೋಣೆ ನಪಾಸಾಗಿತ್ತು. ಅಂದು ಎರಡನೆಯ ಸಲ. ಅದರಲ್ಲೂ ನಪಾಸಾದರೆ ಅಕ್ಕನನ್ನು ಒಳಗಿನ ಕೆಲಸದಿಂದ ತೆಗೆದು ಗುತ್ತಿಗೆದಾರನಿಗೆ ವಾಪಸು ಕಳಿಸುವುದೆಂದು ತೀರ್ಮಾನವಾಗಿತ್ತು. ಅದು ಅಕ್ಕನಿಗೂ ಗೊತ್ತಿತ್ತು. ಬಹುಶಃ ಅದಕ್ಕೇ ಮೇಜನ್ನು ಮೂರನೆಯ ಸಲ ಒರೆಸುತ್ತಿದ್ದರು.

ನಾನು ಕೆಲಸ ಮಾಡುವುದು ಬಾಣಸವಾಡಿ ರೈಲು ನಿಲ್ದಾಣದ ಹತ್ತಿರದ ಒಂದು ಪುಟ್ಟ ಕಚೇರಿಯಲ್ಲಿ. ಇಂಥ ಕೋಣೆಗಳನ್ನು ಪರೀಕ್ಷಿಸಿ ವರದಿ ಕೊಡುವುದು ನಮ್ಮ ವೃತ್ತಿ. ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸೇರಿದವಳು, ಈ ಕೆಲಸ ಏನೆಂದು ಇನ್ನೂ ಯಾರಿಗೂ ಅರ್ಥ ಮಾಡಿಸಲು ಆಗಿಲ್ಲ. ವಿಮಾನಪುರದ ಮನೆಯಲ್ಲಿ ಅಮ್ಮನಿಗೇ ಆಗಿಲ್ಲ.

"ನೀನು ಕ್ಲೀನಿಂಗ್ ಕೆಲ್ಸಕ್ಕೆ ಹೋಗ್ತೀಯ ಅಂತ ಪಕ್ಕದ್ಮನೆಯವ್ರು ಅಂದ್ಕೊಂಡಿದಾರೆ ಕಣೇ."

"ಅಲ್ಲ ಅಂತ ಹೇಳಮ್ಮ."

"ಮತ್ತೇನಂತ ಹೇಳ್ಲಿ? ಧೂಳು ಎಣಿಸ್ತಾಳೆ ಅಂತಲಾ?"

"ಹೂಂ."

"ಅದಕ್ಕಿಂತ ಕ್ಲೀನಿಂಗೇ ವಾಸಿ ಬಿಡು."

ಕಾರ್ಖಾನೆಗಳಲ್ಲೂ ಹೀಗೆಯೇ. ಆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಪ್ರತಿ ಸಲ ನನ್ನ ಪೆಟ್ಟಿಗೆ ನೋಡಿ, "ಔಷ್ಧಿ ಹೊಡೆಯೋಕ್ ಬಂದ್ರಾ ಮೇಡಂ?" ಎನ್ನುತ್ತಾರೆ. ಪರೀಕ್ಷೆ ಮಾಡಿದರೆ ಕೋಣೆ ಸ್ವಚ್ಛವಾಗುತ್ತದೆ ಎಂದು ಅವರ ನಂಬಿಕೆ. ಓದಿದವರೂ ಅದರಿಂದ ಬಹಳ ದೂರವಿಲ್ಲ. ನನ್ನ ಯಂತ್ರ ಕೀಟಾಣುಗಳನ್ನು ಎಣಿಸುತ್ತದೆ ಎಂದುಕೊಂಡಿರುತ್ತಾರೆ. ಅದು ಎಣಿಸುವುದು ಗಾಳಿಯಲ್ಲಿ ತೇಲುವ ಕಣಗಳನ್ನು, ಯಾವುದೇ ಕಣವನ್ನು. ಬೆಳಕಿನ ಎದುರು ಹಾದುಹೋದದ್ದು ಚರ್ಮದ ಹೊಟ್ಟೋ ಹೂವಿನ ಪರಾಗವೋ ಗೋಡೆಯ ಬಣ್ಣವೋ ಅದಕ್ಕೆ ತಿಳಿಯದು. ಸೂಕ್ಷ್ಮಜೀವಿಗಳಿಗೆ ಬೇರೆ ಪರೀಕ್ಷೆ ಇದೆ, ದಿನಗಟ್ಟಲೆ ಕಾಯಬೇಕು. ಇನ್ನು ವಾಸನೆ. ಔಷಧಿ ನೀರಿನ ಘಾಟು ಮೂಗಿಗೆ ಹೊಡೆದರೆ ಕೋಣೆ ಶುದ್ಧವಾಗಿದೆ ಎಂದು ಎಲ್ಲರಿಗೂ ಸಮಾಧಾನ. ಪರೀಕ್ಷೆಗೆ ಐದು ನಿಮಿಷ ಮೊದಲು ಉಜ್ಜಿ ಉಜ್ಜಿ ಒರೆಸುತ್ತಾರೆ. ಒರೆಸುವುದೇ ಕಣ ಎಬ್ಬಿಸುತ್ತದೆ, ಅರ್ಧ ಗಂಟೆಯಾದರೂ ಬಿಡಿ ಎಂದರೆ, ಪರೀಕ್ಷೆ ಮಾಡಲು ಮನಸ್ಸಿಲ್ಲದವಳಂತೆ ನನ್ನನ್ನು ನೋಡುತ್ತಾರೆ.

ಹೊಳೆಯುವುದಕ್ಕೂ ಸ್ವಚ್ಛತೆಗೂ ಸಂಬಂಧವಿಲ್ಲ, ಕಣ್ಣಿಗೆ ಕಾಣದ್ದೇ ನಮ್ಮ ವಿಷಯ ಎಂದು ಹೊಸಬರಿಗೆ ತರಬೇತಿಯಲ್ಲಿ ಹೇಳಿಕೊಡುವವಳು ನಾನೇ. ಆ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಹೇಳುವಾಗ ಬೇರೆ ಏನನ್ನಾದರೂ ಯೋಚಿಸುತ್ತಿರುತ್ತೇನೆ.

ಮೊದಲ ಪರೀಕ್ಷೆ ನಡೆದದ್ದು ಆಯುಧಪೂಜೆಯ ರಜೆ ಕಳೆದ ಮೇಲೆ. ಕ್ರಮ ಯಾವಾಗಲೂ ಒಂದೇ. ಮೊದಲು ಯಂತ್ರದ ಬಾಯಿಗೆ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಓಡಿಸಬೇಕು. ಫಿಲ್ಟರಿನ ಮೂಲಕ ಬರುವ ಗಾಳಿಯಲ್ಲಿ ಏನೂ ಇರುವುದಿಲ್ಲವಾದ್ದರಿಂದ ಯಂತ್ರ ಸೊನ್ನೆ ತೋರಿಸಬೇಕು. ತೋರಿಸಿತು. ಆಮೇಲೆ ಫಿಲ್ಟರ್ ತೆಗೆದು ಒಂದು ಮಾರುದ್ದದ ಕೊಳವೆ ಜೋಡಿಸಿ, ಕೊಳವೆಯ ತುದಿಯ ಸ್ಟೀಲಿನ ಆಲಿಕೆಯನ್ನು ಅಳೆಯುವ ಜಾಗದಲ್ಲಿ ನಿಲ್ಲಿಸಬೇಕು. ಅತಿ ಸ್ವಚ್ಛ ಜಾಗದಿಂದ ಶುರು ಮಾಡಿ ಹೊರಗಡೆಗೆ ಬರುವುದು ನಮ್ಮ ಪದ್ಧತಿ. ಹಾಗಾಗಿ ಮೊದಲನೆಯ ಬಿಂದು ಬಾಟಲಿ ತುಂಬುವ ಮೇಜು, ಕೊನೆಯದು ಬಟ್ಟೆ ಬದಲಿಸುವ ಕೋಣೆಯ ಮೂಲೆ.

ಮೇಜಿನ ಮೇಲೆಯೇ ಕಣಗಳು ಮಿತಿಯ ಎಷ್ಟೋ ಪಟ್ಟು ಬಂದವು. ಕಾಗದದ ಪಟ್ಟಿ ಯಂತ್ರದಿಂದ ಹೊರಬರುತ್ತಿದ್ದಂತೆ ನಾನು ಮತ್ತೆರಡು ಸಲ ಓಡಿಸಿದೆ. ಸಲಸಲಕ್ಕೂ ಸ್ವಲ್ಪ ಕಡಿಮೆ, ಆದರೂ ಮಿತಿ ಮೀರಿಯೇ ಇತ್ತು.

ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಐವತ್ತರ ಆಸುಪಾಸಿನ, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸದ ಹೆಂಗಸು. ಅವರು ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡಂತೆಯೇ ತೆಗೆದುಕೊಂಡರು.

"ಫಿಲ್ಲಿಂಗ್ ಟೇಬಲ್ಲಾ? ಅಲ್ಲಿ ಹೇಗ್ರೀ ಬರುತ್ತೆ? ಇಡೀ ಫ್ಯಾಕ್ಟರೀಲಿ ಅದಕ್ಕಿಂತ ಕ್ಲೀನ್ ಜಾಗ ಇಲ್ಲ."

"ಮೇಲಿನ ಫಿಲ್ಟರ್ ಲೀಕ್ ಇದ್ಯಾ ಅಂತ ಬೇರೆಯಾಗಿ ನೋಡಿದೆ ಮೇಡಂ. ಇಲ್ಲ."

"ಮತ್ತೆ?"

"ಮೇಜಿನ ಹತ್ರ ಯಾರ್ಯಾರು ಹೋಗ್ತಾರೆ?"

ಆ ಪ್ರಶ್ನೆ ಕೇಳಿದ್ದು ನಾನು. ಅದನ್ನು ಇಲ್ಲಿ ಬರೆಯಲೇಬೇಕು.

"ಆಪರೇಟರ್ಸ್ ಎಲ್ಲ ಹಳಬ್ರು," ಎಂದರು ಮೇಡಂ. ಮುಚ್ಚಳ ಕಚ್ಚಿದರು. "ಹೊಸಬಳು ಅಂದ್ರೆ ಹೌಸ್‌ಕೀಪಿಂಗ್‌ನವಳೊಬ್ಬಳೇ. ಎರಡು ತಿಂಗಳಾಯ್ತು ಒಳಗ್ ಬಿಟ್ಟು."

ಅಕ್ಕ ಅದಕ್ಕೆ ಮೊದಲು ನಾಲ್ಕು ವರ್ಷ ಹೊರಗಿನ ಓಣಿ, ಕ್ಯಾಂಟೀನು, ಶೌಚಾಲಯಗಳನ್ನು ತೊಳೆದಿದ್ದರು. ಸೂಟು ತೊಡುವ ತರಬೇತಿಯಲ್ಲಿ ಪಾಸಾಗಿ ಒಳಗೆ ಬಂದವರು ಗುತ್ತಿಗೆಯವರಲ್ಲಿ ಅವರೊಬ್ಬರೇ. ಹೊರಗಿನವರನ್ನು ಗುತ್ತಿಗೆದಾರ ಇವತ್ತು ಈ ಕಾರ್ಖಾನೆ, ನಾಳೆ ಎಲ್ಲೋ ಎಂದು ಸಾಗಹಾಕುತ್ತಿರುತ್ತಾನೆ. ಒಳಗಿನವರನ್ನು ಹಾಗೆ ಮಾಡುವಂತಿಲ್ಲ. ಒಮ್ಮೆ 'ಕೋಣೆ ಕೆಡಿಸಿದವಳು' ಎಂದು ವಾಪಸು ಹೋದರೆ ಮತ್ತೆ ಯಾವ ಕ್ಲೀನ್‌ರೂಮಿನ ಬಾಗಿಲೂ ತೆರೆಯುವುದಿಲ್ಲ.

ಇದೆಲ್ಲ ಗೊತ್ತಿದ್ದೂ ಆ ಐದು ದಿನಗಳಲ್ಲಿ ನಾನು ಎರಡು ಬಾರಿ ಕಾರ್ಖಾನೆಗೆ ಹೋಗಿ ಅಕ್ಕನನ್ನು ಗಮನಿಸಿದೆ. ನೋಟ್‌ಬುಕ್ಕಿನ ಒಂದು ಪುಟ ತುಂಬಿತು. ಅವರು ಮಲ್ಲಿಗೆ ಮುಡಿದು ಬರುತ್ತಿದ್ದರು. ಚಪ್ಪಲಿ ಗೂಡಿನ ಮೇಲಿನ ಮೊಳೆಗೆ ದಂಡೆಯನ್ನು ನೇತುಹಾಕಿ ಒಳಹೋಗಿ, ಸಂಜೆ ಬಾಡಿದ ಅದನ್ನೇ ಮುಡಿದುಕೊಂಡು ಮನೆಗೆ ಹೊರಡುತ್ತಿದ್ದರು. 'ಹೂವು: ಕೂದಲಲ್ಲಿ ಪರಾಗ ಉಳಿದಿರಬಹುದು' ಎಂದು ಬರೆದೆ. ಮನೆಯಲ್ಲಿ ಸ್ನಾನ ಮಾಡಿ ಬಂದರೂ, ಒಳಗೆ ಹೋಗುವ ಮುನ್ನ ಕಾರ್ಖಾನೆಯ ಬಚ್ಚಲಲ್ಲಿ ಇನ್ನೊಮ್ಮೆ ಮೈಗೆ ನೀರು ಹಾಕಿಕೊಳ್ಳುತ್ತಿದ್ದರು.

"ದೇವಸ್ಥಾನಕ್ಕಿಂತ ಮಡಿ ಅಲ್ವಾಮ್ಮಾ ಆ ರೂಮು? ಹಂಗೇ ಹೆಂಗ್ ಹೋಗೋದು?"

ಸ್ನಾನವಾದ ಕೂಡಲೇ ಒಣಗುವ ಮೈಯಿಂದ ಹೊಟ್ಟು ಹೆಚ್ಚು ಉದುರುತ್ತದೆಂದು ನಮಗೆ ಕಲಿಸಿದ್ದರು. ಅದನ್ನು ಅವರಿಗೆ ಹೇಳಲಿಲ್ಲ, ಬರೆದುಕೊಂಡೆ. ಕುತ್ತಿಗೆಯ ಹತ್ತಿರ ಪೌಡರಿನ ವಾಸನೆ ಬಂದಂತಿತ್ತು. 'ಪೌಡರ್?' ಎಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆದೆ. ಮಾತಾಡುವಾಗ ಎಡಗೈಯನ್ನು ಸೆರಗಿನ ಒಳಗೆ ಇಟ್ಟುಕೊಳ್ಳುತ್ತಿದ್ದರು. ಅದನ್ನೂ. ಎರಡನೆಯ ಸಲ ಹೋದಾಗ ಆ ಪುಟವನ್ನು ಮೇಡಂಗೆ ತೋರಿಸಿದೆ. ಅವರು ಕೇಳಿದ್ದರು, ನಿಜ. ಇನ್ನೂ ಖಚಿತವಿಲ್ಲ ಎಂದು ಹೇಳಿಯೇ ತೋರಿಸಿದೆ, ಅದೂ ನಿಜ.

ಹಾಗೆ ಬಂತು ಎರಡನೆಯ ಪರೀಕ್ಷೆಯ ದಿನ, ಎರಡು ಗ್ಲೌಸಿನ ದಿನ. ಅಕ್ಕ ಒರೆಸಿ ಹೊರಬಂದ ಮೇಲೆ ಗಡಿಯಾರ ನೋಡಿಕೊಂಡು ಒಂದು ಗಂಟೆ ಬಿಟ್ಟೆ. ಸೂಟು ತೊಟ್ಟು ಒಳಗೆ ಹೋದೆ. ಫಿಲ್ಟರ್ ಹಾಕಿದಾಗ ಸೊನ್ನೆ ಬಂತು. ಕೊಳವೆಯ ಸುರುಳಿ ಬಿಚ್ಚಿ ಜೋಡಿಸಿ, ಆಲಿಕೆಯನ್ನು ಮೇಜಿನ ಮೇಲೆ ನಿಲ್ಲಿಸಿದೆ. ಮತ್ತೆ ಮೇಜಿನಲ್ಲೇ ಹೆಚ್ಚು. ಎರಡನೆಯ ಬಿಂದು ಗಡಿಯಲ್ಲಿತ್ತು. ಉಳಿದವೆಲ್ಲ ಸರಿ. ಗಾಜಿನ ಆಚೆಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದರು. ಗಮನಿಸುವುದು ನನ್ನ ಕೆಲಸವಾಗಿದ್ದರಿಂದ ನನ್ನನ್ನು ಯಾರಾದರೂ ಗಮನಿಸಿದರೆ ಸರಿಬರುವುದಿಲ್ಲ. ಗಾಜಿಗೆ ಬೆನ್ನು ಮಾಡಿ ನಿಂತೆ.

"ಸಾಕು," ಎಂದರು ಮೇಡಂ, ಪಟ್ಟಿ ನೋಡಿ. "ನಾಳೆ ಹನ್ನೊಂದು ಗಂಟೆಗೆ ಕಂಟ್ರಾಕ್ಟರ್‌ಗೆ ಮೇಲ್ ಹಾಕ್ತೀನಿ. ನಿಮ್ ರಿಪೋರ್ಟಲ್ಲಿ ಕಾರಣ ಅನ್ನೋ ಕಡೆ ಹೌಸ್‌ಕೀಪಿಂಗ್ ಅಂತ ಒಂದ್ ಲೈನ್ ಹಾಕ್ಬಿಡಿ."

"ಕಾರಣ ಇನ್ನೂ ಗೊತ್ತಾಗಿಲ್ಲ ಮೇಡಂ."

"ನಿಮ್ ಪುಸ್ತಕದಲ್ಲೇ ಇದ್ಯಲ್ರೀ. ಹೂವು, ಸ್ನಾನ, ಪೌಡರು. ನಾನಾ ಬರ್ದಿದ್ದು?"

ಸಂಜೆ ಯಂತ್ರದ ಪೆಟ್ಟಿಗೆ ಹಿಡಿದು ಮೆಟ್ರೊ ನಿಲ್ದಾಣಕ್ಕೆ ಹೊರಟಾಗ ಅಕ್ಕ ಹಿಂದಿನಿಂದ ಬಂದು ಜೊತೆಯಾದರು. ಅವರ ಮನೆ ಹಲಸೂರಿನಲ್ಲಿ, ಕೆರೆಯ ಹಿಂದಿನ ಬೀದಿಯಲ್ಲಿ. ನಾನು ಯಂತ್ರವನ್ನು ಕಚೇರಿಗೆ ಮುಟ್ಟಿಸಲು ಬೈಯಪ್ಪನಹಳ್ಳಿಯಲ್ಲಿ ಇಳಿಯಬೇಕಿತ್ತು. ತಪ್ಪಿಸಿಕೊಳ್ಳಲು ನೆಪ ಹೊಳೆಯಲಿಲ್ಲ. ಮಲ್ಲಿಗೆ ಅವರ ತಲೆಗೆ ವಾಪಸು ಬಂದಿತ್ತು.

"ಇವತ್ತೂ ಫೇಲಾಮ್ಮಾ?"

"ರಿಪೋರ್ಟ್ ಇನ್ನೂ ಆಗಿಲ್ಲಕ್ಕ."

"ನನ್ಹತ್ರ ಯಾಕಮ್ಮಾ ಮುಚ್ತೀರ? ಮೇಡಂ ಪೆನ್ನು ಕಚ್ಚಿದ್ ನೋಡಿದ್ರೆ ಗೊತ್ತಾಗಲ್ವಾ? ಪಾಪ, ಆ ಪೆನ್ನಿಗೆ ಬಾಯಿದ್ದಿದ್ರೆ ಅಳ್ತಿತ್ತು."

ನಗು ಬಂತು, ತಡೆದೆ. ರೈಲಿನಲ್ಲಿ ಕಂಬ ಹಿಡಿದು ನಿಂತ ಮೇಲೆ ನೇರವಾಗಿಯೇ ಕೇಳಿದೆ: "ಎಡಗೈಗೆ ಎರಡು ಗ್ಲೌಸ್ ಯಾಕಕ್ಕ?"

ಅವರು ಸುತ್ತ ನೋಡಿ, ಸೆರಗಿನಿಂದ ಕೈ ತೆಗೆದು ನನ್ನ ಮುಂದೆ ಹಿಡಿದರು. ಬೆರಳ ಸಂದಿಗಳಲ್ಲಿ ಚರ್ಮ ಬಿರುಕುಬಿಟ್ಟು, ಬೆಳ್ಳಗೆ ಪದರ ಪದರವಾಗಿ ಎದ್ದಿತ್ತು.

"ಬಟ್ಟೆ ಹಿಂಡೋದು ಈ ಕೈಲಿ. ಔಷ್ಧಿ ನೀರು ಗ್ಲೌಸ್ ಒಳಗ್ ಇಳ್ದುಬಿಡುತ್ತೆ. ಚರ್ಮ ಉದುರಿ ರೂಮಲ್ಲಿ ಬಿದ್ರೆ ಕಷ್ಟ ಅಂತ ಇನ್ನೊಂದ್ ಹಾಕ್ತೀನಿ."

"ಮೇಡಂಗೆ ಹೇಳ್ಬೇಕಿತ್ತು."

"ಹೇಳಿದ್ರೆ ಒಳಗ್ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಕಾರಣ ಸಿಕ್ಕಿತು ಎನ್ನಿಸಿತು: ಉದುರುವ ಚರ್ಮ, ಮುಚ್ಚಿಟ್ಟ ಕೈ, ಮೂರು ಸಲ ಒರೆಸಿದ ಮೇಜು. ಎಲ್ಲ ಒಂದಕ್ಕೊಂದು ಕೂಡಿಬಂದವು. ಅನುಮಾನ ನಿಜವಾದಾಗ ಆಗುವ ಒಂದು ಸಣ್ಣ ಸುಖವಿದೆ, ಅದು ನನಗಾಯಿತು. ಅಕ್ಕ ಮಾತ್ರ ಕೈಯನ್ನು ಸೆರಗಿಗೆ ಸೇರಿಸಿ, ಬೇರೆಯೇ ಯೋಚನೆಯಲ್ಲಿದ್ದರು.

"ಒಂದ್ ಮಾತು ಕೇಳ್ಲಾ? ಬೈಬೇಡಿ, ನೀವು ಓದಿರೋರು."

"ಕೇಳಿ."

"ನೀವು ಮೆಷಿನ್ನ ಮೊದ್ಲು ಎಲ್ಲಿಡ್ತೀರೋ ಅಲ್ಲೇ ಜಾಸ್ತಿ ಬರುತ್ತಲ್ಲಾಮ್ಮಾ. ಆಮೇಲಾಮೇಲೆ ಕಮ್ಮಿ ಆಗುತ್ತೆ. ನೀವು ಮೊದಲ್ನೇ ಚೀಟಿ ನೋಡಿ ಹುಬ್ಬು ಗಂಟ್ ಹಾಕ್ತೀರಾ, ಕೊನೆ ಚೀಟಿ ನೋಡೋದೇ ಇಲ್ಲ, ಹಂಗೇ ಮಡಚ್ತೀರಾ. ನಮ್ ಬೀದಿ ನಲ್ಲೀಲೂ ಹಂಗೇ. ಬಿಟ್ಟ ತಕ್ಷಣ ಕೆಂಪ್ ನೀರು, ಎರಡ್ ಕೊಡ ಆದ್ಮೇಲೆ ತಿಳಿ. ನೀರು ಬಿಡೋನ್ನ ಬೈತಾ ಇದ್ವಿ. ಆಮೇಲ್ ನೋಡಿದ್ರೆ ಪೈಪೇ ತುಕ್ಕು."

ರೈಲು ನಿಂತಿತು. ನಾನು ಇಳಿಯಬೇಕಿತ್ತು. "ಹಾಗೇನೂ ಇರಲ್ಲಕ್ಕ, ದಿನಾ ಸೊನ್ನೆ ನೋಡ್ಕೊಂಡೇ ಶುರು ಮಾಡೋದು," ಎಂದು ಹೇಳಿ ಇಳಿದೆ. ಬಾಗಿಲು ಮುಚ್ಚುವಾಗ ಅವರು, "ಸರಿ ಕಣಮ್ಮಾ, ನಿಮಗೇ ಗೊತ್ತು," ಎಂದದ್ದು ಕೇಳಿಸಿತು.

ಬಾಣಸವಾಡಿಗೆ ಹೋಗುವ ಆಟೊದಲ್ಲಿ ಎರಡೂ ಪರೀಕ್ಷೆಗಳ ಪಟ್ಟಿಗಳನ್ನು ತೊಡೆಯ ಮೇಲೆ ಹರಡಿಕೊಂಡೆ. ಇಷ್ಟು ದಿನ ಅವುಗಳನ್ನು ಜಾಗದ ಪ್ರಕಾರ ಓದಿದ್ದೆ: ಮೇಜು, ಮೇಜಿನ ಪಕ್ಕ, ಬಾಗಿಲು. ಈಗ ಗಡಿಯಾರದ ಪ್ರಕಾರ ಓದಿದೆ. ಮೇಜಿನ ಮೇಲೆ ತೆಗೆದ ಮೂರು ಅಳತೆಗಳಲ್ಲಿ ಮೊದಲನೆಯದು ಅತಿ ಹೆಚ್ಚು, ಎರಡನೆಯದು ಕಡಿಮೆ, ಮೂರನೆಯದು ಇನ್ನೂ ಕಡಿಮೆ. ಅಲ್ಲಿಂದ ಇಳಿಯುತ್ತಲೇ ಹೋಗಿತ್ತು. ಕೊನೆಗೆ, ಎಲ್ಲಕ್ಕಿಂತ ಕೊಳೆಯಾಗಿರಬೇಕಾದ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಜಿಗಿಂತ ಕಡಿಮೆ ಬಂದಿತ್ತು. ಇದು ಕೋಣೆಯ ನಡವಳಿಕೆಯಲ್ಲ. ಎರಡು ಸಲವೂ ನನ್ನ ಕಣ್ಣೆದುರೇ ಇದ್ದದ್ದು.

ಸೊನ್ನೆ? ಸೊನ್ನೆ ನೋಡುವಾಗ ಫಿಲ್ಟರನ್ನು ಯಂತ್ರದ ಬಾಯಿಗೇ ಸಿಕ್ಕಿಸುತ್ತಿದ್ದೆ. ಕೊಳವೆಯನ್ನು ಜೋಡಿಸುತ್ತಿದ್ದದ್ದು ಆಮೇಲೆ.

ಕಚೇರಿಯಲ್ಲಿ ನಮ್ಮ ಸರ್ ಒಬ್ಬರೇ ಇದ್ದರು. ಸಂಸ್ಥೆ ಅವರದೇ. ನಾನು ಪೆಟ್ಟಿಗೆ ತೆರೆದು, ಯಂತ್ರಕ್ಕೆ ಕೊಳವೆ ಜೋಡಿಸಿ, ಆಲಿಕೆ ಕಳಚಿ, ಕೊಳವೆಯ ಆ ತುದಿಗೆ ಫಿಲ್ಟರ್ ಸಿಕ್ಕಿಸಿದೆ. ಈಗ ಕೊಳವೆಯೊಳಗೆ ಹೋಗುವುದು ಸೋಸಿದ ಗಾಳಿ ಮಾತ್ರ. ಗುಂಡಿ ಒತ್ತಿದೆ. ಅಂಕಿ ಏರತೊಡಗಿತು. ಕೊಳವೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದೆ, ಎಗರಿತು. ಪ್ರತಿ ಸಲ ಸುರುಳಿ ಬಿಚ್ಚಿದಾಗಲೂ ಒಳಗೆ ಅಂಟಿದ್ದು ಹೀಗೆಯೇ ಎದ್ದು ಬಂದಿರಬೇಕು.

ಕೊಳವೆಯನ್ನು ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ. ಆಲಿಕೆಯ ಕುತ್ತಿಗೆಯೊಳಗೆ ಹತ್ತಿ ಸುತ್ತಿದ ಕಡ್ಡಿ ತೂರಿಸಿ ತಿರುಗಿಸಿದೆ. ಹೊರಬಂದ ಹತ್ತಿ ತಿಳಿ ಹಳದಿಯಾಗಿತ್ತು, ಒಂದು ಬದಿಯಲ್ಲಿ ಬೂದು ಬಣ್ಣ.

ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದವಳು ನಾನು. ಕೊಳವೆಯ ಮುಚ್ಚಳ ಹಾಗೇ ಇಟ್ಟಿದ್ದೆ. ಸರ್ ನೋಡಿ, "ಬಾಯಿ ಮುಚ್ಕೊಂಡಿರೋ ಮೆಷಿನ್‌ಗೆ ಹೇಗಮ್ಮ ಆರತಿ ಎತ್ತೋದು? ತೆಗಿ," ಎಂದಿದ್ದರು. ತೆಗೆದೆ. ವಿಭೂತಿ ಬಳಿದರು, ಕುಂಕುಮ ಇಟ್ಟರು. ಸ್ಟೀಲಿನ ಆಲಿಕೆ ಬಾಯಿ ಮೇಲಾಗಿ ನಿಂತಿತ್ತು, ಪುಟ್ಟ ಹೂದಾನಿಯ ಹಾಗೆ. ಚೆನ್ನಾಗಿ ಕಾಣುತ್ತದೆಂದು ನಾನು ಅದರೊಳಗೆ ಒಂದು ಹಳದಿ ಸೇವಂತಿಗೆ ಸಿಕ್ಕಿಸಿದೆ. ಧೂಪದ ಹೊಗೆ ಕೋಣೆ ತುಂಬಿತ್ತು. ಫೋಟೊ ಕೂಡ ತೆಗೆದೆವು. ಮರುದಿನ ಸ್ಪಿರಿಟ್ ಬಟ್ಟೆಯಿಂದ ಯಂತ್ರವನ್ನು, ಕೊಳವೆಯ ಹೊರಮೈಯನ್ನು, ಬೆರಳು ಹೋಗುವಷ್ಟು ಆಲಿಕೆಯ ಒಳಗನ್ನು ಒರೆಸಿದೆ. ಹೊಳೆಯಿತು. ಸ್ವಚ್ಛವಾಯಿತು ಎಂದುಕೊಂಡೆ. ಎರಡು ಪರೀಕ್ಷೆಗಳ ನಡುವೆ ಅದೇ ಕೊಳವೆಯಿಂದ ಬೇರೊಂದು ಕಾರ್ಖಾನೆಯ ಪ್ಯಾಕಿಂಗ್ ಕೋಣೆಯನ್ನೂ ಅಳೆದಿದ್ದೆ. ಅಲ್ಲಿಯ ಮಿತಿ ಎಷ್ಟು ಸಡಿಲವೆಂದರೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಸರ್ ಹತ್ತಿಯನ್ನು ನೋಡಿದರು, ಅಂಕಿಯನ್ನು ನೋಡಿದರು, ಕುರ್ಚಿ ಎಳೆದು ಕೂತರು.

"ಪೂಜೆ ಮಾಡಿ ಹಿಂಗಾಯ್ತು ಅಂತ ಯಾರಿಗಮ್ಮ ಹೇಳೋದು?"

"ಫ್ಯಾಕ್ಟರಿಯವ್ರಿಗೆ ಹೇಳ್ಬೇಕು ಸರ್."

"ಇರು, ಇರು. ಹೊಸ ಟ್ಯೂಬ್ ಇದೆ, ಹಾಕು. ನಾಳೆ ಬೆಳಿಗ್ಗೆ ಹೋಗಿ ಮೂರನೇ ಟೆಸ್ಟ್ ಮಾಡು, ಪಾಸಾಗುತ್ತೆ. ಮರು ಸ್ವಚ್ಛತೆಯ ನಂತರ ಮಿತಿಯೊಳಗಿದೆ ಅಂತ ಬರಿ. ಅದ್ರಲ್ಲಿ ಸುಳ್ಳೇನಿದೆ?"

ಬಿಡಿಬಿಡಿಯಾಗಿ ನೋಡಿದರೆ ಒಂದು ಪದವೂ ಸುಳ್ಳಾಗಿರಲಿಲ್ಲ.

"ಹಾಗ್ ಬರೆದ್ರೆ ಅಕ್ಕನ್ನ ಹೊರಗೆ ಹಾಕ್ತಾರೆ ಸರ್. ಅವ್ರು ಕೆಡಿಸಿದ್ದು, ಆಮೇಲೆ ಸರಿಹೋಯ್ತು ಅಂತ ಆಗುತ್ತೆ."

"ಯಾವ ಅಕ್ಕ?"

ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅಳೆಯೋ ಕೋಲೇ ವಕ್ರ ಅಂತ ಗೊತ್ತಾದ್ರೆ ನಾಳೆಯಿಂದ ನಮ್ಮನ್ನ ಯಾರು ಕರೀತಾರೆ ಹೇಳು? ನಾಲ್ಕ್ ಜನ ಇದೀವಿ ಇಲ್ಲಿ. ಆ ಹೆಂಗಸಿಗೆ ಬೇರೆ ಎಲ್ಲಾದ್ರೂ ಸಿಗುತ್ತೆ."

"ಹೂವು ಇಟ್ಟಿದ್ದು ನಾನು ಸರ್."

"ಮುಚ್ಚಳ ತೆಗ್ಸಿದ್ದು ನಾನು," ಎಂದರು. ಆಮೇಲೆ ಕೊಳವೆಯನ್ನು ಸುತ್ತಿ, ಕಾಲಿನಿಂದ ಕಸದ ಬುಟ್ಟಿಯನ್ನು ಎಳೆದುಕೊಂಡು, ಅದರೊಳಗೆ ಹಾಕಿದರು. ಮೇಲೆ ಒಂದು ಹಳೆಯ ಪತ್ರಿಕೆ ಇಟ್ಟರು. ಮುಚ್ಚುವ ಅಗತ್ಯವೇನಿತ್ತು ಎಂದು ನಾನು ಕೇಳಲಿಲ್ಲ. "ಯೋಚ್ನೆ ಮಾಡು. ನಾನೇನೂ ಬಲವಂತ ಮಾಡ್ತಿಲ್ಲ," ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡು ಹೋದರು.

ಸ್ಕೂಟರಿನ ಸದ್ದು ರೈಲು ಹಳಿಯ ಕಡೆಗೆ ತಿರುಗುವವರೆಗೆ ಕಾದೆ. ಬುಟ್ಟಿಯಿಂದ ಕೊಳವೆಯನ್ನು ತೆಗೆದು, ಎರಡೂ ತುದಿಗೆ ಮುಚ್ಚಳ ಹಾಕಿ, ಆಲಿಕೆ ಮತ್ತು ಹತ್ತಿಯ ಜೊತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿದೆ. ಹೊಸ ಕೊಳವೆ, ಹೊಸ ಆಲಿಕೆ ಇನ್ನೊಂದು ಚೀಲಕ್ಕೆ. ಮನೆಯಲ್ಲಿ ಅಮ್ಮ ಬಡಿಸುತ್ತಾ, "ಇವತ್ತು ಎಷ್ಟು ಧೂಳು ಎಣಿಸಿದೆ?" ಎಂದಳು. ಊಟದ ಮಧ್ಯೆ ನೋಟ್‌ಬುಕ್ ತೆಗೆದು ಅಕ್ಕನ ಪುಟವನ್ನು ಮತ್ತೆ ಓದಿದೆ. ಹೂವು, ಸ್ನಾನ, ಪೌಡರು, ಕೈ. ನನ್ನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೋಣೆಯ ಒಳಗೆ ಹೋದವರ ಪಟ್ಟಿಯನ್ನು ನಾನೇ ಮಾಡಿದ್ದೆ, ಅದರಲ್ಲಿ ನನ್ನನ್ನು ಸೇರಿಸಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯಲ್ಲಿದ್ದೆ. ಮೇಡಂ ಇನ್ನೂ ಕೈಚೀಲ ಕೆಳಗಿಟ್ಟಿರಲಿಲ್ಲ. "ಒಂದ್ ಹತ್ತು ನಿಮಿಷ ಮೇಡಂ, ಅಕ್ಕನ್ನೂ ಕರೀರಿ," ಎಂದೆ. ಕ್ಲೀನ್‌ರೂಮಿಗೆ ಹೋಗದೆ, ಅವರ ಕಚೇರಿಯ ಮೇಜಿನ ಮೇಲೆಯೇ ಯಂತ್ರ ಇಟ್ಟೆ. ಫಿಲ್ಟರನ್ನು ಯಂತ್ರದ ಬಾಯಿಗೆ ಸಿಕ್ಕಿಸಿ ಓಡಿಸಿದೆ: ಸೊನ್ನೆ. ಹಳೆಯ ಕೊಳವೆ ಜೋಡಿಸಿ, ಅದೇ ಫಿಲ್ಟರನ್ನು ಕೊಳವೆಯ ತುದಿಗೆ ಹಾಕಿದೆ. ಅಂಕಿ ಏರಿತು. ಹೊಸ ಕೊಳವೆ ಹಾಕಿದೆ: ಸೊನ್ನೆ. ಆಮೇಲೆ ಹತ್ತಿಯ ಚೀಲವನ್ನು ಮೇಜಿನ ಮೇಲಿಟ್ಟೆ.

"ಏನ್ರೀ ಇದು?" ಎಂದರು ಮೇಡಂ.

"ಸೇವಂತಿಗೆ. ಆಯುಧಪೂಜೇಲಿ ನಾನು ಇಟ್ಟಿದ್ದು. ನಿಮ್ ರೂಮಲ್ಲಿ ಏನೂ ಇರಲಿಲ್ಲ. ಎರಡು ಸಲವೂ ನಾವೇ ತಂದಿದ್ದು."

ಅಕ್ಕ ಬಗ್ಗಿ ಚೀಲವನ್ನು ನೋಡಿ, "ನಾನ್ ಮುಡಿದ್ರೆ ಬರ್ಕೊಂತೀರಾ, ನಿಮ್ ಮೆಷಿನ್ ಮುಡೀಬೋದಾ?" ಎಂದರು. ನಗಲಿಲ್ಲ. ನಾನೂ ನಗಲಿಲ್ಲ.

ಮೇಡಂ ಪೆನ್ನಿನ ಮುಚ್ಚಳ ಬಾಯಿಯಿಂದ ತೆಗೆದರು. "ಇದನ್ನ ಬರ್ದು ಕೊಡ್ತೀರಾ?"

"ಕೊಡ್ತೀನಿ."

"ನಿಮ್ ಸರ್ ಸೈನ್ ಮಾಡ್ತಾರಾ?"

"ಗೊತ್ತಿಲ್ಲ ಮೇಡಂ. ಪರೀಕ್ಷೆ ಮಾಡಿದವ್ರ ಸೈನ್ ನಂದು."

ಅವರು ಕಂಪ್ಯೂಟರಿನ ಕಡೆ ತಿರುಗಿ, ಹನ್ನೊಂದಕ್ಕೆ ಕಳಿಸಬೇಕಿದ್ದ ಪತ್ರವನ್ನು ಅಳಿಸಿದರು. ಅಳಿಸಿದ್ದನ್ನು ನಾನು ಪರದೆಯ ಮೇಲೆ ನೋಡಿ ಖಚಿತಪಡಿಸಿಕೊಂಡೆ. ಆಮೇಲೆ ಅಕ್ಕನ ಕಡೆ ನೋಡದೆಯೇ, "ಆ ಕೈ ಡಾಕ್ಟರ್‌ಗೆ ತೋರ್ಸು. ವಾಸಿಯಾಗೋವರೆಗೆ ಒಳಗೆ ಬರೀ ಗೋಡೆ, ಹಿಂಡೋದು ಬೇಡ," ಎಂದರು. ಅಂದರೆ ಕೈಯ ವಿಷಯ ಅವರಿಗೂ ಗೊತ್ತಿತ್ತು. ಎಷ್ಟು ದಿನದಿಂದ ಎಂದು ಈಗಲೂ ಯೋಚಿಸುತ್ತೇನೆ.

ಕಾರಣ ಎಂಬ ಅಂಕಣದಲ್ಲಿ ನಾಲ್ಕು ಸಾಲು ಬರೆದೆ: ಕೊಳವೆ, ಹೂವು, ಪರೀಕ್ಷಕಿ ಫಿಲ್ಟರನ್ನು ಎಲ್ಲಿ ಸಿಕ್ಕಿಸಿದ್ದಳು, ಎಲ್ಲಿ ಸಿಕ್ಕಿಸಬೇಕಿತ್ತು. ಪ್ಯಾಕಿಂಗ್ ಕೋಣೆಯವರಿಗೂ ಒಂದು ಪ್ರತಿ ಎಂದು ಕೆಳಗೆ ಸೇರಿಸಿ ಸಹಿ ಹಾಕಿದೆ. ನೋಟ್‌ಬುಕ್ಕಿನಿಂದ ಅಕ್ಕನ ಪುಟವನ್ನು ಹರಿಯಲಿಲ್ಲ, ದಾಖಲೆ ಹರಿಯುವಂತಿಲ್ಲ. ಅಡ್ಡಗೆರೆ ಎಳೆದು, ದಿನಾಂಕ ಹಾಕಿ, 'ಆಧಾರವಿಲ್ಲ' ಎಂದು ಬರೆದು, ಅದಕ್ಕೂ ಸಹಿ ಹಾಕಿದೆ.

ಸೂಟು ತೊಟ್ಟು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತಾಗ ಅಕ್ಕ ಗಾಜಿನ ಆಚೆ ಬಂದು ನಿಂತಿದ್ದರು. ಅಂದು ಬೆನ್ನು ಮಾಡಲಿಲ್ಲ. ಮೊದಲು ಎಲ್ಲಿಡಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ಎಡಗೈ ಎತ್ತಿ, ನನ್ನ ಹಿಂದಿನ ಮೂಲೆಯನ್ನು ತೋರಿಸಿದರು, ನಾನು ಯಾವಾಗಲೂ ಕೊನೆಗೆ ಅಳೆಯುವ ಮೂಲೆ. ಫಿಲ್ಟರನ್ನು ಕೊಳವೆಯ ತುದಿಗೆ ಹಾಕಿ ಸೊನ್ನೆ ನೋಡಿದೆ. ನಂಬಿಕೆ ಬರಲಿಲ್ಲ, ಕೊಳವೆಯನ್ನು ತಟ್ಟಿ ಇನ್ನೊಮ್ಮೆ ನೋಡಿದೆ. ಆಮೇಲೆ ಆಲಿಕೆಯನ್ನು ಆ ಮೂಲೆಯಲ್ಲಿ ನಿಲ್ಲಿಸಿ ಗುಂಡಿ ಒತ್ತಿದೆ.